ಡಬಲ್ ಬಾಸ್‌ನ ತಳದ ಸ್ವರ ನಿಜಕ್ಕೂ ಎಲ್ಲಿದೆ?

ಪಿಟೀಲಿನ ಮನೆತನದಲ್ಲಿ ಡಬಲ್ ಬಾಸ್ ದೊಡ್ಡಣ್ಣ. ಆಳೆತ್ತರಕ್ಕಿರುವ ಈ ವಾದ್ಯವನ್ನು ನಿಂತುಕೊಂಡೋ, ಎತ್ತರದ ಸ್ಟೂಲಿಗೆ ಒರಗಿಯೋ ನುಡಿಸಬೇಕು. ಆರ್ಕೆಸ್ಟ್ರಾದಲ್ಲಿ ಇದು ಹಿಂದೆ ನಿಂತು ಉಳಿದವರಿಗೆ ತಳಪಾಯ ಹಾಕಿಕೊಡುತ್ತದೆ. ಅದೇ ವಾದ್ಯ ಒಂದು ಪಿಯಾನೊ ಜೊತೆ ಚರ್ಚಿನೊಳಗೆ ಮುಂದೆ ಬಂದು ಕೂತರೆ ಏನಾಗುತ್ತದೆ? ಕಿವಿಗೆ ಸೊಗಸು, ಸರಿ. ಆದರೆ ಕೇಳಿಸುತ್ತಿರುವುದರಲ್ಲಿ ಎಷ್ಟು ಭಾಗ ವಾದ್ಯದ್ದು ಅಂತ ಕೇಳಿದರೆ ಉತ್ತರ ಅಷ್ಟು ಸುಲಭವಲ್ಲ.

ಒಂದು ಸಣ್ಣ ಲೆಕ್ಕ ಹಾಕೋಣ. ಡಬಲ್ ಬಾಸ್‌ನ ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಭಾಗಿಸಿದರೆ ಒಂದು ಅಲೆಯ ಉದ್ದ 8 ಮೀಟರ್ ದಾಟುತ್ತದೆ. ವಾದ್ಯದ ಮರದ ಒಡಲೋ, ಒಂದು ಮೀಟರಿಗಿಂತ ತುಸು ಜಾಸ್ತಿ, ಅಷ್ಟೆ. ಕೆರೆಯಲ್ಲಿ ಅಂಗೈಯಿಂದ ದೊಡ್ಡ ಅಲೆ ಎಬ್ಬಿಸಲು ನೋಡಿದ್ದೀರಾ? ನೀರು ಕೈಯ ಪಕ್ಕದಿಂದ ಜಾರಿ ಹಿಂದಕ್ಕೆ ಹೋಗಿಬಿಡುತ್ತದೆ. ಇಲ್ಲಿ ಗಾಳಿಯ ಕಥೆಯೂ ಅದೇ. ಆ ಸ್ವರಕ್ಕೆ ಈ ಪೆಟ್ಟಿಗೆ ಚಿಕ್ಕದಾಯಿತು.

ನಮ್ಮ ಕಿವಿಯೂ ಇಂಥ ಸ್ವರಗಳಿಗೆ ಮಂದ. 1000 ಹರ್ಟ್ಜ್‌ನ (ಅಂದರೆ ಸೆಕೆಂಡಿಗೆ 1000 ಸಲ ಕಂಪಿಸುವ) ಶಬ್ದ ಕೇಳಿಸಲು ಬೇಕಾದ್ದಕ್ಕಿಂತ ಹತ್ತಾರು ಸಾವಿರ ಪಟ್ಟು ಹೆಚ್ಚು ಶಕ್ತಿ ಇದ್ದರಷ್ಟೇ 40 ಹರ್ಟ್ಜ್‌ನ ಶಬ್ದ ಕೇಳಿಸಲು ಶುರುವಾಗುತ್ತದೆ. ವಾದ್ಯಕ್ಕೆ ಕೊಡಲು ಕಷ್ಟ, ಕಿವಿಗೆ ತಗೊಳ್ಳಲು ಕಷ್ಟ. ಆದರೂ ಹಿಂದಿನ ಬೆಂಚಿನಲ್ಲಿ ಕೂತವರಿಗೂ ಆ ಸ್ವರ ಕೇಳಿಸುತ್ತದೆ!

ಗುಟ್ಟು ಇರುವುದು ತಂತಿಯ ಸ್ವಭಾವದಲ್ಲಿ. ಅದು 41ರ ಜೊತೆಗೇ 82, 123, 164 ಹೀಗೆ ಮೇಲಿನ ಕಂಪನಗಳನ್ನೂ ಹೊರಡಿಸುತ್ತದೆ. ಈ ಮೇಲಿನವು ಒಡಲಿಂದ ಸಲೀಸಾಗಿ ಹೊರಗೆ ಬರುತ್ತವೆ. ಎಲ್ಲವೂ 41ರ ಮಗ್ಗಿಯಲ್ಲೇ ಇವೆ ಅನ್ನುವುದನ್ನು ಮೆದುಳು ಹಿಡಿದುಬಿಡುತ್ತದೆ. ತಳದ್ದು ಬಂದಿಲ್ಲದಿದ್ದರೂ ಬಂದಿದೆ ಅಂತಲೇ ಲೆಕ್ಕಕ್ಕೆ ಬರೆದುಕೊಳ್ಳುತ್ತದೆ. ನಂಬಿಕೆ ಬರದಿದ್ದರೆ ಹಳೆಯ ಲ್ಯಾಂಡ್‌ಲೈನ್ ಫೋನ್ ನೆನಪಿಸಿಕೊಳ್ಳಿ. ಅದು ಸುಮಾರು 300 ಹರ್ಟ್ಜ್‌ಗಿಂತ ಕೆಳಗಿನದನ್ನು ದಾಟಿಸುತ್ತಲೇ ಇರಲಿಲ್ಲ. ಗಂಡಸರ ದನಿಯ ತಳ 100ರ ಆಸುಪಾಸಿನಲ್ಲಿದೆ. ಹಾಗಂತ ಫೋನಿನಲ್ಲಿ ಅಪ್ಪನ ದನಿ ಮಗುವಿನದ್ದಾಗಿ ಕೇಳಿಸುತ್ತಿತ್ತಾ? ಇಲ್ಲವಲ್ಲ.

ಚರ್ಚುಗಳಿಗೆ ಪೈಪ್ ಆರ್ಗನ್ ಕಟ್ಟುವವರಿಗೆ ಈ ವಿದ್ಯೆ ಹಳೆಯದು. ಅತಿ ಕೆಳಗಿನ ಸ್ವರಕ್ಕೆ 32 ಅಡಿಯ ಪೈಪ್ ಬೇಕು. ಜಾಗವೂ ದುಡ್ಡೂ ಸಾಲದಿದ್ದರೆ 16 ಅಡಿಯದ್ದೊಂದು, ಹತ್ತೂಮುಕ್ಕಾಲು ಅಡಿಯ ಹತ್ತಿರದ್ದೊಂದು ಪೈಪ್ ಇಟ್ಟು ಎರಡನ್ನೂ ಒಟ್ಟಿಗೆ ನುಡಿಸುತ್ತಾರೆ. 32 ಅಡಿಯ ಪೈಪ್ ಕೇಳುಗರ ತಲೆಯೊಳಗೆ ನುಡಿಯುತ್ತದೆ. ಮೋಸ ಅನ್ನಿ, ಜಾಣತನ ಅನ್ನಿ, ನನಗಂತೂ ಇದು ಬಹಳ ಇಷ್ಟ.

ಈಗ ಪಿಯಾನೊ, ಬಾಸ್ ನುಡಿಸುವ ಇಬ್ಬರ ಕೈಗಳನ್ನು ಹತ್ತಿರದಿಂದ ನೋಡಿ. ಪಿಯಾನೊದಲ್ಲಿ ಉಣ್ಣೆ ಸುತ್ತಿದ ಸುತ್ತಿಗೆ ತಂತಿಗೆ ಹೊಡೆದು, ಕೆಲವೇ ಮಿಲಿಸೆಕೆಂಡಿನಲ್ಲಿ ವಾಪಸ್. ಅಲ್ಲಿಂದ ಸ್ವರ ಸೊರಗುತ್ತಾ ಹೋಗುವುದೇ. ಬಾಸ್‌ನಲ್ಲಿ ರಾಳ ಹಚ್ಚಿದ ಕಮಾನಿನ ಕೂದಲು ತಂತಿಯನ್ನು ಕಚ್ಚಿ ಎಳೆಯುತ್ತದೆ, ತಂತಿ ತಪ್ಪಿಸಿಕೊಂಡು ಹಿಂದಕ್ಕೆ ಜಾರುತ್ತದೆ, ಕಮಾನು ಮತ್ತೆ ಹಿಡಿಯುತ್ತದೆ. ಆ ದಪ್ಪ ತಂತಿಯಲ್ಲಿ ಈ ಹಿಡಿತ–ಜಾರಾಟ ಸೆಕೆಂಡಿಗೆ 41 ಸಲ. ಒಂದು ಸುತ್ತಿಗೇ 24 ಮಿಲಿಸೆಕೆಂಡು ಬೇಕು. ಸ್ವರ ಹದಕ್ಕೆ ಬರಲು ಇಂಥ ಹಲವು ಸುತ್ತುಗಳಾಗಬೇಕು. ಅಷ್ಟರಲ್ಲಿ ಪಿಯಾನೊ ಹೇಳುವುದನ್ನು ಹೇಳಿ ಮುಗಿಸಿರುತ್ತದೆ. ಇಬ್ಬರೂ ಒಟ್ಟಿಗೆ ಶುರುಮಾಡಿದರು ಅಂತ ನಮಗೆ ಅನ್ನಿಸಬೇಕಾದರೆ ಬಾಸ್‌ನವರು ಕೂದಲೆಳೆಯಷ್ಟು ಮೊದಲೇ ಕಮಾನು ಎಳೆಯಬೇಕು. ಒಬ್ಬರೇ ಮುಂದೆ ನಿಂತು ನುಡಿಸುವಾಗ ಎಷ್ಟೋ ಜನ ನಾಲ್ಕೂ ತಂತಿಗಳನ್ನು ಒಂದು ಪೂರ್ಣ ಸ್ವರದಷ್ಟು ಮೇಲಕ್ಕೆ ಬಿಗಿ ಮಾಡಿಕೊಳ್ಳುವುದೂ ಉಂಟು. ದನಿ ಸ್ವಲ್ಪ ತಿಳಿಯಾಗುತ್ತದೆ.

ಇನ್ನು ಕಟ್ಟಡ. ಕಲ್ಲಿನ ಚರ್ಚಿನಲ್ಲಿ ಒಂದು ಚಪ್ಪಾಳೆ ತಟ್ಟಿದರೆ ಶಬ್ದ ಗೋಡೆ, ಛಾವಣಿ, ಕಂಬಗಳಿಗೆ ಬಡಿಯುತ್ತಾ ಸುಮಾರು ಹೊತ್ತು ಉಳಿಯುತ್ತದೆ. ಈ ಉಳಿಕೆಯನ್ನು ಮೊದಲು ಸರಿಯಾಗಿ ಅಳೆದವರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತಶಾಸ್ತ್ರಜ್ಞ ವ್ಯಾಲೆಸ್ ಸಬೀನ್. 1895ರಲ್ಲಿ ಅವರ ಮುಂದಿದ್ದದ್ದು ಪಾಠ ಕೇಳಿಸದಷ್ಟು ಗುಂಯ್‌ಗುಡುವ ಒಂದು ಉಪನ್ಯಾಸ ಕೊಠಡಿ. ಸಲಕರಣೆ ಏನು ಗೊತ್ತಾ? ಒಂದು ಆರ್ಗನ್ ಪೈಪ್, ಒಂದು ಗಡಿಯಾರ, ತಮ್ಮದೇ ಕಿವಿ. ರಾತ್ರಿ ಹೊತ್ತು ಹತ್ತಿರದ ರಂಗಮಂದಿರದಿಂದ ಸೀಟಿನ ದಿಂಬುಗಳನ್ನು ಹೊತ್ತು ತಂದು ಹರವಿ ಅಳೆಯುವುದು, ಬೆಳಗಾಗುವಷ್ಟರಲ್ಲಿ ವಾಪಸ್ ಇಡುವುದು. ಖಾಲಿ ಕೊಠಡಿಯಲ್ಲಿ ಐದೂವರೆ ಸೆಕೆಂಡು ಉಳಿಯುತ್ತಿದ್ದ ಶಬ್ದ ದಿಂಬು ತುಂಬಿದಾಗ ಒಂದು ಸೆಕೆಂಡಿನ ಹತ್ತಿರಕ್ಕೆ ಇಳಿಯಿತು. ಕೊಠಡಿ ದೊಡ್ಡದಾದಷ್ಟೂ ಗುಂಗು ಜಾಸ್ತಿ, ಶಬ್ದ ಹೀರುವ ವಸ್ತು ಹೆಚ್ಚಿದಷ್ಟೂ ಕಮ್ಮಿ ಅನ್ನುವ ಸೂತ್ರ ಈ ದಿಂಬು ಸಾಗಣೆಯಿಂದಲೇ ಬಂತು. 1900ರಲ್ಲಿ ತೆರೆದ ಬಾಸ್ಟನ್ ಸಿಂಫನಿ ಹಾಲ್‌ಗೆ ಸಲಹೆ ಕೊಟ್ಟವರೂ ಇವರೇ. ಅದೇ ಹಾಲಿನ ಆರ್ಕೆಸ್ಟ್ರಾವನ್ನು 1924ರಿಂದ 1949ರವರೆಗೆ ನಡೆಸಿದ ಸರ್ಗೇಯ್ ಕುಸೆವಿಟ್ಸ್ಕಿ ಮೊದಲು ಹೆಸರು ಮಾಡಿದ್ದು ಡಬಲ್ ಬಾಸ್ ನುಡಿಸಿ!

ದಿಂಬಿಗೂ ಒಂದು ಮಿತಿ ಇದೆ. ಸಣ್ಣ ಅಲೆಗಳನ್ನು ಅದು ಚೆನ್ನಾಗಿ ನುಂಗುತ್ತದೆ. 8 ಮೀಟರಿನ ಅಲೆಗೆ ನಾಲ್ಕು ಬೆರಳು ದಪ್ಪದ ದಿಂಬು ಯಾವ ಲೆಕ್ಕ? ನಮ್ಮ ಮೈ, ಬಟ್ಟೆಗಳ ಪಾಡೂ ಅದೇ. ಮಧ್ಯಾಹ್ನ ಖಾಲಿ ಚರ್ಚಿನಲ್ಲಿ ಅಭ್ಯಾಸ ಮಾಡಿ ಎಲ್ಲ ಹೊಂದಿಸಿಕೊಂಡ ಇಬ್ಬರೂ ಸಂಜೆ ಜನ ತುಂಬಿದಾಗ ಬೇರೆಯದೇ ಜಾಗದಲ್ಲಿ ನುಡಿಸುತ್ತಿರುತ್ತಾರೆ. ಪಿಯಾನೊದ ಮೇಲಿನ ಸ್ವರಗಳ ಗುಂಗನ್ನು ಕೋಟು, ಶಾಲುಗಳು ಹೀರಿಕೊಂಡಿರುತ್ತವೆ. ಬಾಸ್‌ನ ಗುಂಗು ಹೆಚ್ಚೂಕಮ್ಮಿ ಹಾಗೇ ಉಳಿದು ಹಿಂದಿನ ಸ್ವರ ಮುಂದಿನದರ ಮೇಲೆ ಹರಡಿಕೊಳ್ಳುತ್ತದೆ. ಜೊತೆಗೆ, ಕೆಳಗಿನ ಶಬ್ದ ಮೇಲಿನದನ್ನು ಮುಚ್ಚಿಹಾಕುವಷ್ಟು ಸುಲಭವಾಗಿ ಮೇಲಿನದು ಕೆಳಗಿನದನ್ನು ಮುಚ್ಚಲಾರದು. ಪಿಯಾನೊದವರು ಎಡಗೈ ಹಗುರ ಮಾಡಿ, ಸ್ವರವನ್ನು ಹಿಡಿದಿಡುವ ಪೆಡಲ್ ಒತ್ತುವುದನ್ನು ಕಡಿಮೆ ಮಾಡುತ್ತಾರೆ. ಬಾಸ್‌ನವರು ಪ್ರತಿ ಸ್ವರವನ್ನೂ ಒಂಚೂರು ಬೇಗ ಬಿಡುತ್ತಾರೆ. ಇಬ್ಬರೂ ಮೊದಲ ಕೃತಿಯ ಮೊದಲ ಒಂದೆರಡು ಸಾಲುಗಳಲ್ಲೇ ಇದನ್ನೆಲ್ಲ ಕಿವಿಯಿಂದಲೇ ಅಳೆದು ಸರಿಮಾಡಿಕೊಳ್ಳಬೇಕು.