ಸೆನ್ಸರ್ ಜೋಡಿಸೋದು ಗೊತ್ತು, ಬೇಸಿಗೆ ರಿಸರ್ಚ್‌ಗೆ ಹೋಗಿ ಇನ್ನೇನು ಕಲಿಯೋದು?

ಪ್ರಶ್ನೆ: ನಾನು ಎಲೆಕ್ಟ್ರಾನಿಕ್ಸ್ ಎರಡನೇ ವರ್ಷದ ವಿದ್ಯಾರ್ಥಿನಿ. ಆರ್ಡುಯಿನೋಗೆ (ಕೋಡ್ ಹಾಕಿ ನಡೆಸುವ ಪುಟ್ಟ ಸರ್ಕ್ಯೂಟ್ ಬೋರ್ಡು) ಸೆನ್ಸರ್ ಹಾಕಿ ಕೋಡ್ ಓಡಿಸೋದು ಬರುತ್ತದೆ. ರಜೆಯಲ್ಲಿ ಎರಡು ತಿಂಗಳು ಲ್ಯಾಬಿಗೆ ಹೋದರೆ ಅದಕ್ಕಿಂತ ಜಾಸ್ತಿ ಏನು ಸಿಗುತ್ತದೆ?

ಪರದೆಯ ಮೇಲೆ ಬಂದ ನಂಬರನ್ನು ಎಷ್ಟು ನಂಬಬಹುದು ಅನ್ನೋದನ್ನು ಕಲಿಯುತ್ತೀರಿ. ಅದಕ್ಕೆ ಎರಡು ತಿಂಗಳೂ ಕಮ್ಮಿಯೇ.

ಉಷ್ಣತೆ ಅಳೆಯುವ ಎಲ್‌ಎಂ35 ಸೆನ್ಸರನ್ನೇ ತಗೊಳ್ಳಿ. ಒಂದು ಡಿಗ್ರಿಗೆ 10 ಮಿಲಿವೋಲ್ಟ್ ಕೊಡುತ್ತದೆ. ಆರ್ಡುಯಿನೋ ಉನೋ 5 ವೋಲ್ಟನ್ನು 1024 ಮೆಟ್ಟಿಲಾಗಿ ಒಡೆದು ಅಳೆಯುತ್ತದೆ. ಒಂದು ಮೆಟ್ಟಿಲು ಅಂದರೆ ಹತ್ತಿರ ಹತ್ತಿರ ಅರ್ಧ ಡಿಗ್ರಿ. ಪರದೆಯಲ್ಲಿ 27.34 ಕಂಡಮೇಲೆ ಮುಂದಿನ ನಂಬರ್ 27.83. ನಡುವೆ ಏನೂ ಇಲ್ಲ! ಆ 5 ವೋಲ್ಟ್ ಕೂಡ ಯುಎಸ್‌ಬಿಯಿಂದ ಬರುವಾಗ 4.8ಕ್ಕೆ ಇಳಿದಿರಬಹುದು. ಆಗ ಕೋಣೆಯಲ್ಲಿ 25 ಡಿಗ್ರಿ ಇದ್ದರೂ ಸುಮಾರು 26 ತೋರಿಸುತ್ತದೆ. ಕೋಡಿನಲ್ಲಿ ತಪ್ಪೇ ಇಲ್ಲ, ಉತ್ತರ ಮಾತ್ರ ತಪ್ಪು.

ಹಾಗಾಗಿ ಗೊತ್ತಿರುವ ಉಷ್ಣತೆಗೆ ಹೋಲಿಸಿ ನೋಡಬೇಕು. ಸೆನ್ಸರಿನ ಕಾಲುಗಳಿಗೆ ನೀರು ತಾಕದಂತೆ ಮುಚ್ಚಿ, ಕುದಿಯುವ ನೀರಿನಲ್ಲಿ ಇಡಿ. ಬೆಂಗಳೂರಿನಲ್ಲಿ 97 ಬಂದರೆ ಸೆನ್ಸರ್ ಕೆಟ್ಟಿದೆ ಅಂತ ಕೋಡಿನಲ್ಲಿ 3 ಕೂಡಿಸಬೇಡಿ. ಊರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿದೆ, ಅಲ್ಲಿ ನೀರು ಕುದಿಯೋದೇ 97ರ ಆಸುಪಾಸು. ಮಂಗಳೂರಿನಲ್ಲಾದರೆ 100. ಐಸ್ ನೀರಿನಲ್ಲಿ ಇಟ್ಟರೆ ಇನ್ನೊಂದು ತೊಡಕು. ಸಾಮಾನ್ಯ ಸರ್ಕ್ಯೂಟಿನಲ್ಲಿ ಎಲ್‌ಎಂ35 ಸುಮಾರು 2 ಡಿಗ್ರಿಗಿಂತ ಕೆಳಗೆ ಅಳೆಯೋದಿಲ್ಲ. ತಯಾರಕರು ಕೊಡುವ ವಿವರಪಟ್ಟಿಯಲ್ಲಿ, ಅಂದರೆ ಡೇಟಾಶೀಟಿನಲ್ಲಿ, ಇದು ಇದೆ. ಓದುವ ಅಭ್ಯಾಸ ನಮಗಿಲ್ಲ, ಅಷ್ಟೇ.

ಲ್ಯಾಬಿನಲ್ಲಿ ಡೇಟಾ ಸಂಸ್ಕರಣೆಯನ್ನು ಸೆನ್ಸರ್ ವಿನ್ಯಾಸದ ಜೊತೆಗೇ ಯಾಕೆ ಕಲಿಸುತ್ತಾರೆ ಅಂತ ಅನಿಸಬಹುದು, ಅಲ್ವಾ? ಉದ್ದ ವೈರಿಗೆ ಮನೆಯ ಕರೆಂಟಿನ 50 ಹರ್ಟ್ಜ್ (ಸೆಕೆಂಡಿಗೆ 50 ಸಲ ಏರಿಳಿಯುವ) ಗದ್ದಲ ಅಂಟಿಕೊಳ್ಳುತ್ತದೆ. ನೀವು ಸೆಕೆಂಡಿಗೆ 49 ಸಲ ಅಳೆದರೆ, ಆ ಗದ್ದಲ ಸೆಕೆಂಡಿಗೊಂದು ಏರಿಳಿತವಾಗಿ ಕಾಣುತ್ತದೆ. ನಿಜವಾದ ಬದಲಾವಣೆಯಂತೆಯೇ ಇರುತ್ತದೆ. ಒಮ್ಮೆ ಹೀಗೆ ಬೆರೆತರೆ ಆ ಡೇಟಾ ಒಂದನ್ನೇ ಇಟ್ಟುಕೊಂಡು ಯಾವುದು ಗದ್ದಲ ಅಂತ ಹೇಳಲು ಆಗುವುದಿಲ್ಲ. ಅಳೆಯುವ ಮೊದಲೇ ಒಂದು ರೆಸಿಸ್ಟರ್, ಒಂದು ಕೆಪಾಸಿಟರ್ ಹಾಕಿ ಸೋಸಬೇಕಿತ್ತು. ಈ ತಪ್ಪನ್ನು ನಾನೂ ಮಾಡಿದ್ದೇನೆ. ಒಂದು ವಾರದ ಡೇಟಾ ಹೋಯಿತು, ಈಗಲೂ ಹೊಟ್ಟೆ ಉರಿಯುತ್ತದೆ.

ಎಲ್ಲಿಗೆ ಹೋಗೋದು? ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ನಡೆಸುವ ಬೇಸಿಗೆ ಫೆಲೋಶಿಪ್ ಇದೆ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಸಂಶೋಧನಾ ಕೇಂದ್ರದ್ದೂ ಇದೆ. ಅಕಾಡೆಮಿಗಳ ಅರ್ಜಿಯನ್ನು ಹಿಂದಿನ ವರ್ಷದ ಕೊನೆಗೇ ಕರೆಯುತ್ತಾರೆ, ಏಪ್ರಿಲ್‌ನಲ್ಲಿ ಹುಡುಕಿದರೆ ತಡವಾಗುತ್ತದೆ. ನಿಮ್ಮ ಆಸಕ್ತಿ ಬರೆಯುವ ಜಾಗದಲ್ಲಿ ಕೋರ್ಸುಗಳ ಪಟ್ಟಿ ಬೇಡ. ಈ ವಾರವೇ ಕುದಿಯುವ ನೀರಿನ ಪ್ರಯೋಗ ಮಾಡಿ. ಎಷ್ಟು ಬಂತು, ಎಷ್ಟು ಬರಬೇಕಿತ್ತು, ವ್ಯತ್ಯಾಸ ಯಾಕೆ ಅಂತ ನಿಮಗೆ ಅನಿಸಿತು, ಅದನ್ನು ಬರೆಯಿರಿ.