ನಾಟಕದ ಬ್ಲಾಕಿಂಗ್, ವಾಲಿಬಾಲ್ ಬ್ಲಾಕಿಂಗ್: ಎರಡೂ ಒಂದೇನಾ?

ಪ್ರಶ್ನೆ: ನಾಟಕದ ತಾಲೀಮಿಗೆ ಹೊಸದಾಗಿ ಸೇರಿದ್ದೇನೆ. "ಇವತ್ತು ಬ್ಲಾಕಿಂಗ್ ಮಾಡೋಣ" ಅಂದರು. ನನಗೆ ಗೊತ್ತಿರುವುದು ವಾಲಿಬಾಲ್ ಬ್ಲಾಕಿಂಗ್ ಮಾತ್ರ. ರಂಗದ ಮೇಲೆ ಯಾರು ಯಾರನ್ನು ತಡೆಯುತ್ತಾರೆ?

ಯಾರೂ ಯಾರನ್ನೂ ತಡೆಯುವುದಿಲ್ಲ. ಅಸಲಿಗೆ ಯಾರಿಗೂ ಯಾರೂ ಅಡ್ಡ ಬರಬಾರದು ಅಂತಲೇ ಅಲ್ಲಿ ಬ್ಲಾಕಿಂಗ್ ಮಾಡುವುದು.

ಯಾವ ನಟ ಎಲ್ಲಿಂದ ಬರಬೇಕು, ಯಾವ ಮಾತಿಗೆ ಏಳಬೇಕು, ಎಷ್ಟು ಹೆಜ್ಜೆ ನಡೆದು ಎಲ್ಲಿ ನಿಲ್ಲಬೇಕು, ಯಾರ ಕಡೆ ತಿರುಗಬೇಕು ಅನ್ನುವುದನ್ನೆಲ್ಲ ಮೊದಲೇ ಗೊತ್ತು ಮಾಡಿಕೊಳ್ಳುವ ಕೆಲಸಕ್ಕೆ ಆ ಹೆಸರು. ಮಗಳು ಮೇಜಿನ ಮೇಲಿನ ಕಾಗದ ತೆಗೆದು ಓದುವ ದೃಶ್ಯ ಅಂದುಕೊಳ್ಳಿ. ಅಪ್ಪನ ಪಾತ್ರದವರು ಒಂದೇ ಒಂದು ಹೆಜ್ಜೆ ಜಾಸ್ತಿ ಮುಂದೆ ಬಂದು ನಿಂತರು. ಮುಗಿಯಿತು, ಅರ್ಧ ಪ್ರೇಕ್ಷಕರಿಗೆ ಅವಳ ಮುಖವೇ ಕಾಣುವುದಿಲ್ಲ. ಅದಕ್ಕೇ ನೆಲಕ್ಕೆ ಬಣ್ಣದ ಟೇಪ್ ಅಂಟಿಸಿ ಜಾಗ ಗುರುತು ಮಾಡುತ್ತಾರೆ, ನಡೆಯನ್ನೆಲ್ಲ ಸ್ಕ್ರಿಪ್ಟ್ ಅಂಚಿನಲ್ಲಿ ಬರೆದಿಡುತ್ತಾರೆ. ಪೆನ್ಸಿಲ್‌ನಲ್ಲೇ ಬರೆಯಿರಿ, ನಾಳೆ ನಿರ್ದೇಶಕರ ಮನಸ್ಸು ಬದಲಾಗುತ್ತದೆ! ಎಡ, ಬಲ ಅಂದರೆ ಪ್ರೇಕ್ಷಕರ ಕಡೆ ಮುಖ ಮಾಡಿ ನಿಂತ ನಟನ ಎಡ, ಬಲ. ಹೊಸಬರು ಎಡವುವುದು ಇಲ್ಲೇ.

ಹೆಸರು ಎಲ್ಲಿಂದ ಬಂತು? 19ನೇ ಶತಮಾನದ ಇಂಗ್ಲೆಂಡಿನ ನಾಟಕಕಾರ ಡಬ್ಲ್ಯೂ. ಎಸ್. ಗಿಲ್ಬರ್ಟ್ ಪುಟ್ಟ ರಂಗದ ಮಾದರಿಯ ಮೇಲೆ ನಟರ ಬದಲು ಮರದ ತುಂಡುಗಳನ್ನಿಟ್ಟು, ಸರಿಸಿ ಸರಿಸಿ ದೃಶ್ಯ ಜೋಡಿಸುತ್ತಿದ್ದರು. ಆ ಮರದ ಬ್ಲಾಕ್‌ನಿಂದಲೇ ಈ ಬ್ಲಾಕಿಂಗ್ ಅಂತ ರಂಗಭೂಮಿಯವರು ಹೇಳುತ್ತಾರೆ. ಹಾಗಾಗಿ ಅಲ್ಲಿ ಬ್ಲಾಕ್ ಅಂದರೆ ತುಂಡು, ತಡೆ ಅಲ್ಲ.

ಆಟದಲ್ಲಿ ನೇರ ಅರ್ಥ, ಅಡ್ಡ ನಿಲ್ಲುವುದು. ವಾಲಿಬಾಲ್‌ನದು ನಿಮಗೇ ಗೊತ್ತು: ಮುಂದಿನ ಸಾಲಿನವರು ಮಾತ್ರ ನೆಟ್ ಪಕ್ಕ ಹಾರಿ ಬ್ಲಾಕ್ ಮಾಡಬಹುದು, ಎದುರಿನವರ ಸರ್ವ್ ಅನ್ನು ಮಾತ್ರ ಹಾಗೆ ತಡೆಯುವಂತಿಲ್ಲ. ಬ್ಲಾಕ್‌ನಲ್ಲಿ ಕೈಗೆ ತಾಗಿದ್ದು ತಂಡದ ಮೂರು ಹೊಡೆತಗಳ ಲೆಕ್ಕಕ್ಕೆ ಸೇರುವುದಿಲ್ಲ. ಬೀಚ್ ವಾಲಿಬಾಲ್‌ನಲ್ಲಿ ಸೇರುತ್ತದೆ, ಅದು ಬೇರೆ ಮಾತು.

ನನಗೆ ಇದಕ್ಕಿಂತ ಮಜಾ ಅನ್ನಿಸುವುದು ಬ್ಯಾಸ್ಕೆಟ್‌ಬಾಲ್. ಬುಟ್ಟಿಯತ್ತ ಏರುತ್ತಿರುವ ಚೆಂಡನ್ನು ಕೈಯಿಂದ ತಡೆದರೆ ಅದು ಬ್ಲಾಕ್. ಓಡಿ ಬರುವವನ ದಾರಿಗೆ ಕೊನೇ ಗಳಿಗೆಯಲ್ಲಿ ಮೈ ಅಡ್ಡ ಹಾಕಿ ಡಿಕ್ಕಿ ಆದರೆ ಅದು ಬ್ಲಾಕಿಂಗ್, ಫೌಲ್. ಮೊದಲನೆಯದಕ್ಕೆ ಚಪ್ಪಾಳೆ, ಎರಡನೆಯದಕ್ಕೆ ರೆಫರಿ ಸೀಟಿ.

ಒಂದು ಎಚ್ಚರಿಕೆ. ತಾಲೀಮಿನ ಮಧ್ಯೆ ನಿರ್ದೇಶಕರು "ಅವಳನ್ನ ಬ್ಲಾಕ್ ಮಾಡ್ತಿದ್ದೀಯಲ್ಲಪ್ಪಾ!" ಅಂತ ಕೂಗಿದರೆ, ಅದು ಗಿಲ್ಬರ್ಟ್ ಅವರ ಮರದ ತುಂಡಲ್ಲ, ನಿಮ್ಮ ವಾಲಿಬಾಲ್ ಅರ್ಥವೇ. ಸುಮ್ನೆ ಪಕ್ಕಕ್ಕೆ ಸರಿಯಿರಿ.