ಮೂರರಲ್ಲಿ ಎರಡು ಸಲ ಸೋಲುವವರು ದೊಡ್ಡ ಬ್ಯಾಟರ್ ಹೇಗೆ?

ಪ್ರಶ್ನೆ: ಅಮೆರಿಕದ ಬೇಸ್‌ಬಾಲ್ ಆಟಗಾರ ಟೋನಿ ಗ್ವಿನ್ ಅವರ ಸರಾಸರಿ .338 ಎಂದು ಓದಿದೆ. ನೂರರಲ್ಲಿ 34 ಸಲವಷ್ಟೇ ಗೆದ್ದವರನ್ನು ಇಷ್ಟೊಂದು ಹೊಗಳುವುದೇಕೆ?

ಉತ್ತರ: ಕ್ರಿಕೆಟ್ ನೋಡಿ ಬೆಳೆದವರಿಗೆ ಈ ಸಂಶಯ ಬಂದೇ ಬರುತ್ತದೆ. ನಮ್ಮಲ್ಲಿ ಒಟ್ಟು ರನ್ನುಗಳನ್ನು ಔಟಾದ ಸಲಗಳಿಂದ ಭಾಗಿಸುತ್ತಾರೆ. ಬೇಸ್‌ಬಾಲ್‌ನ ಬ್ಯಾಟಿಂಗ್ ಸರಾಸರಿಗೆ ರನ್ನಿನ ಗೊಡವೆಯೇ ಇಲ್ಲ. ಲೆಕ್ಕಕ್ಕೆ ಬರುವ ಸರದಿಗಳಲ್ಲಿ ಎಷ್ಟು ಸಲ ಚೆಂಡನ್ನು ಹೊಡೆದು ಸುರಕ್ಷಿತವಾಗಿ ಬೇಸ್ (ಬ್ಯಾಟರ್ ಓಡಿ ಮುಟ್ಟಬೇಕಾದ ಠಾಣೆ) ತಲುಪಿದರು ಎಂಬುದಷ್ಟೇ ಅದಕ್ಕೆ ಬೇಕು; ಅಂಥ ಹೊಡೆತವೇ ಹಿಟ್. ಗ್ವಿನ್ 1982ರಿಂದ 2001ರವರೆಗೆ ಸ್ಯಾನ್ ಡಿಯೇಗೊ ಪಾಡ್ರೆಸ್ ಎಂಬ ಒಂದೇ ತಂಡದಲ್ಲಿ ಆಡಿ, 9,288 ಸರದಿಗಳಲ್ಲಿ 3,141 ಹಿಟ್ ಗಳಿಸಿದರು. ಭಾಗಿಸಿದರೆ .338.

ಇದು ದೊಡ್ಡದೋ ಸಣ್ಣದೋ ಎಂಬುದನ್ನು ಜೊತೆಯವರೇ ಹೇಳಬೇಕು. ಆ ಕಾಲದ ಸಾಧಾರಣ ಬ್ಯಾಟರ್ .260ರ ಆಸುಪಾಸಿನಲ್ಲಿದ್ದರು; .300 ಮುಟ್ಟಿದರೆ ಆ ವರ್ಷ ಸಾರ್ಥಕ. ಗ್ವಿನ್ ಮೊದಲ ವರ್ಷವೊಂದನ್ನು ಬಿಟ್ಟು ಸತತ 19 ವರ್ಷ .300ರ ಮೇಲೆಯೇ ಇದ್ದರು, ಎಂಟು ಸಲ ತಮ್ಮ ಲೀಗ್‌ನಲ್ಲಿ ಮೊದಲಿಗರಾದರು. ಚೆಂಡು ಎಸೆಯುವ ಪಿಚರ್‌ಗಳದೇ ಮೇಲುಗೈಯಾಗಿದ್ದ 1988ರಲ್ಲಿ ಮೊದಲ ಸ್ಥಾನಕ್ಕೆ .313 ಸಾಕಾಯಿತು. 1994ರಲ್ಲಿ ಅವರು .394ರಲ್ಲಿದ್ದಾಗ ಆಟಗಾರರ ಮುಷ್ಕರದಿಂದ ಋತುವೇ ಆಗಸ್ಟ್‌ನಲ್ಲಿ ನಿಂತುಹೋಯಿತು. ಅಷ್ಟೇ ಸರದಿಗಳಲ್ಲಿ ಇನ್ನು ಮೂರೇ ಮೂರು ಹಿಟ್ ಬಂದಿದ್ದರೆ, 1941ರ ಟೆಡ್ ವಿಲಿಯಮ್ಸ್ ಬಳಿಕ .400 ದಾಟಿದ ಮೊದಲಿಗರಾಗುತ್ತಿದ್ದರು.

ಆದರೆ ಸರಾಸರಿಯೊಂದನ್ನೇ ನಂಬಬೇಡಿ. 1999ರ ಆಗಸ್ಟ್‌ನ ಮೂರು ದಿನಗಳನ್ನು ನೋಡಿ. 5ರಂದು ಮಾರ್ಕ್ ಮೆಗ್ವಾಯರ್ 500ನೆಯ ಹೋಮ್ ರನ್ (ಒಂದೇ ಹೊಡೆತಕ್ಕೆ ಎಲ್ಲ ಬೇಸ್‌ಗಳನ್ನೂ ಸುತ್ತಿಬರುವ ಹಿಟ್) ಹೊಡೆದರು, ಅದೂ ಗ್ವಿನ್ ಅವರ ತಂಡದ ಎದುರೇ. 6ರಂದು ಗ್ವಿನ್ 3,000ನೆಯ ಹಿಟ್ ಗಳಿಸಿದರು. 7ರಂದು ವೇಡ್ ಬಾಗ್ಸ್ ಕೂಡ ಅದೇ ಗಡಿ ಮುಟ್ಟಿದರು. ವಿಚಿತ್ರವೆಂದರೆ ಹೋಮ್ ರನ್‌ಗೆ ಹೆಸರಾಗಿರದ ಬಾಗ್ಸ್ ಆ ಹಿಟ್ಟನ್ನು ಹೋಮ್ ರನ್ ಆಗಿಯೇ ಹೊಡೆದರು!

ಈ ಮೂವರಲ್ಲಿ ಸರಾಸರಿಯ ಪ್ರಕಾರ ಗ್ವಿನ್ ಮುಂದು. ಬಾಗ್ಸ್ .328, ಮೆಗ್ವಾಯರ್ ಕೇವಲ .263. ಆದರೆ ಪಿಚರ್ ನಾಲ್ಕು ಕೆಟ್ಟ ಚೆಂಡು ಎಸೆದರೆ ಬ್ಯಾಟರ್‌ಗೆ ಪುಕ್ಕಟೆಯಾಗಿ ಮೊದಲ ಬೇಸ್ ಸಿಗುತ್ತದೆ. ಅದಕ್ಕೆ ವಾಕ್ ಎನ್ನುತ್ತಾರೆ. ಸರಾಸರಿಯಲ್ಲಿ ಅದಕ್ಕೆ ಜಾಗವಿಲ್ಲ. ಕೈಗೆಟುಕಿದ್ದನ್ನೆಲ್ಲ ಹೊಡೆಯುತ್ತಿದ್ದ ಗ್ವಿನ್‌ಗೆ ಸಿಕ್ಕ ವಾಕ್ 790, ತಾಳ್ಮೆಯ ಬಾಗ್ಸ್‌ಗೆ 1,412. ವಾಕ್ ಸೇರಿಸಿ ಬೇಸ್ ತಲುಪಿದ ಪ್ರಮಾಣ ತೆಗೆದರೆ ಬಾಗ್ಸ್ .415, ಮೆಗ್ವಾಯರ್ .394, ಗ್ವಿನ್ .388. ಸಾಲು ತಿರುಗಿಬಿತ್ತು.

ಇನ್ನೊಂದು ಕುರುಡು ಇದೆ. ಸರಾಸರಿಯ ಕಣ್ಣಿಗೆ ಒಂದು ಬೇಸಿನ ಹಿಟ್ಟೂ ಹೋಮ್ ರನ್ನೂ ಒಂದೇ, ನಮ್ಮ ಒಂಟಿ ರನ್ನನ್ನೂ ಸಿಕ್ಸರನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ ಹಾಗೆ. ಗ್ವಿನ್ ಹಿಟ್‌ಗಳಲ್ಲಿ 2,378 ಬರೀ ಒಂದು ಬೇಸಿನವು, ಹೋಮ್ ರನ್ 135. ಮೆಗ್ವಾಯರ್ ಹೊಡೆದದ್ದು 583. ಮೈದಾನ ಮತ್ತು ಕಾಲದ ವ್ಯತ್ಯಾಸ ಸರಿಹೊಂದಿಸಿ, ಲೀಗ್‌ನ ಸರಾಸರಿ ಬ್ಯಾಟರ್‌ಗೆ 100 ಅಂಕವೆಂದು ಹಿಡಿಯುವ ಓಪಿಎಸ್ ಪ್ಲಸ್ ಎಂಬ ಅಳತೆಯಲ್ಲಿ ಮೆಗ್ವಾಯರ್ 163, ಗ್ವಿನ್ 132, ಬಾಗ್ಸ್ 131. (ತಾವು ಸ್ಟೆರಾಯ್ಡ್ ಬಳಸಿದ್ದಾಗಿ ಮೆಗ್ವಾಯರ್ 2010ರಲ್ಲಿ ಒಪ್ಪಿಕೊಂಡರು, ಆ 163ನ್ನು ಎಷ್ಟು ನಂಬುವುದು ನಿಮಗೆ ಬಿಟ್ಟದ್ದು.)

ಹಾಗಾದರೆ ಗ್ವಿನ್ ಹೆಚ್ಚುಗಾರಿಕೆ ಎಲ್ಲಿ? ರನ್ ತರುವುದರಲ್ಲಿ ಅವರಿಗಿಂತ ಬಲಿಷ್ಠರು ಅದೇ ಕಾಲದಲ್ಲಿದ್ದರು, ಒಪ್ಪಬೇಕಾದ ಮಾತು. ಚೆಂಡಿಗೆ ಬ್ಯಾಟ್ ತಾಗಿಸುವ ಕಲೆಯಲ್ಲಿ ಮಾತ್ರ ಈ ಇಬ್ಬರೂ ಅವರ ಹತ್ತಿರ ಸುಳಿಯುವುದಿಲ್ಲ. ಮೆಗ್ವಾಯರ್ 1,626 ಹಿಟ್‌ಗೆ 1,596 ಸಲ ಸ್ಟ್ರೈಕೌಟ್ (ಚೆಂಡನ್ನು ಸರಿಯಾಗಿ ಹೊಡೆಯಲಾಗದೆ ಮೂರು ಅವಕಾಶ ಕಳೆದುಕೊಂಡು ಔಟ್) ಆದರು, ಬಾಗ್ಸ್ 745 ಸಲ. ಗ್ವಿನ್ ಇಪ್ಪತ್ತು ವರ್ಷಗಳಲ್ಲಿ ಆದದ್ದು 434 ಸಲ. ಆ ಯುಗದ ಅತ್ಯುತ್ತಮ ಪಿಚರ್‌ಗಳಲ್ಲಿ ಒಬ್ಬರಾದ ಗ್ರೆಗ್ ಮ್ಯಾಡಕ್ಸ್ ತಮ್ಮ ವೃತ್ತಿಜೀವನದಲ್ಲಿ 3,371 ಸ್ಟ್ರೈಕೌಟ್ ಪಡೆದರು. ಗ್ವಿನ್ ಅವರನ್ನು 107 ಸಲ ಎದುರಿಸಿಯೂ ಒಮ್ಮೆಯೂ ಸ್ಟ್ರೈಕೌಟ್ ಮಾಡಲಾಗಲಿಲ್ಲ.